ವಾರಾನ್ನದಿಂದ ಮೊಟ್ಟೆಯವರೆಗೆ

ನೂರು ವರ್ಷದ ಹಿಂದೆ ಓದಿನ ಆಸೆಗೆ ಹಳ್ಳಿ ಬಿಟ್ಟು ಮೈಸೂರಿಗೋ ಧಾರವಾಡಕ್ಕೋ ಬಂದ ಬಡ ಬ್ರಾಹ್ಮಣ ಹುಡುಗ ಶಾಲೆಗೆ ಹೆಸರು ಹಚ್ಚುವ ಮೊದಲೇ ಏಳು ಮನೆ ಹುಡುಕಬೇಕಿತ್ತು. ಸೋಮವಾರ ವಕೀಲರ ಮನೆ, ಮಂಗಳವಾರ ಶ್ಯಾನುಭೋಗರ ಮನೆ, ಬುಧವಾರ ಇನ್ಯಾರದೋ ಮನೆ. ಇದೇ ವಾರಾನ್ನ. ಒಂದು ಮನೆ ತಪ್ಪಿದರೆ ಆ ದಿನ ತಣ್ಣೀರೇ ಗತಿ. ಮನೆಯಲ್ಲಿ ಸೂತಕವಾಯಿತೆಂದರೆ, ನೆಂಟರು ಬಂದರೆಂದರೆ, ಯಜಮಾನರಿಗೆ ಬೇರೆ ಊರಿಗೆ ವರ್ಗವಾಯಿತೆಂದರೆ ಹುಡುಗ ಮತ್ತೆ ಬೀದಿ ಸುತ್ತಬೇಕು. ಬಡಿಸಿದ್ದನ್ನು ಉಣ್ಣಬೇಕು, ಬಡಿಸಿದಷ್ಟನ್ನೇ ಉಣ್ಣಬೇಕು. ಹಾಗೆ ಓದಿದವರು ಮುಂದೆ ಅಮಲ್ದಾರರಾದರು, ಮೇಷ್ಟರಾದರು, ಸಾಹಿತಿಗಳಾದರು. ಅವರ ತಲೆಮಾರಿನ ಆತ್ಮಕಥೆಗಳಲ್ಲಿ ವಾರಾನ್ನದ ಮನೆಯ ತಾಯಂದಿರ ನೆನಪು ಕೃತಜ್ಞತೆಯಿಂದ ಬರುತ್ತದೆ, ಅವಮಾನದ ನೆನಪೂ ಪಕ್ಕದಲ್ಲೇ ಇರುತ್ತದೆ.

ಆದರೆ ವಾರಾನ್ನದ ಬಾಗಿಲು ತೆರೆಯುತ್ತಿದ್ದುದು ಒಂದೇ ಜಾತಿಗೆ. ಉಳಿದವರು ತಮ್ಮ ದಾರಿ ತಾವೇ ಕಂಡುಕೊಂಡರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಒಕ್ಕಲಿಗರ, ವೀರಶೈವರ ಹಾಗೂ ಇತರ ಸಮುದಾಯಗಳ ಸಂಘಗಳು ಹಾಸ್ಟೆಲ್ಲು ಕಟ್ಟಿದವು, ಮಠಗಳು ಉಚಿತ ಪ್ರಸಾದನಿಲಯ ತೆರೆದವು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳ ಕಾಲಕ್ಕೆ ಹತ್ತು ಸಾವಿರದಷ್ಟು ಮಕ್ಕಳು, ಜಾತಿ ಕೇಳದೆ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವಂತಾಯಿತು. ಕನ್ನಡ ನಾಡಿನಲ್ಲಿ ಓದಿಗೂ ಊಟಕ್ಕೂ ಗಂಟು ಬಿದ್ದದ್ದು ಸರಕಾರ ಈ ಕೆಲಸಕ್ಕೆ ಕೈಹಾಕುವ ಎಷ್ಟೋ ಮೊದಲು. ಮಕ್ಕಳು ಏನು ತಿನ್ನಬೇಕು ಎಂಬುದನ್ನು ಶಾಲೆ ನಿರ್ಧರಿಸಬಹುದೇ ಎಂದು ಇವತ್ತು ಚರ್ಚೆ ಮಾಡುವವರು ಈ ಹಿಂದಿನ ಕಥೆಯನ್ನು ಒಮ್ಮೆ ನೋಡಬೇಕು. ಅನ್ನ ಕೊಟ್ಟವರೇ ತಟ್ಟೆಯ ಮೇಲೆ ಅಧಿಕಾರ ನಡೆಸಿದ್ದು ಅದರಲ್ಲಿ ಪುಟಪುಟಕ್ಕೂ ಕಾಣುತ್ತದೆ.

ಸಾರ್ವಜನಿಕ ಹಣದಲ್ಲಿ ಶಾಲೆಯಲ್ಲೇ ಊಟ ಕೊಡುವ ಕೆಲಸ ದಕ್ಷಿಣದಲ್ಲಿ ಮೊದಲಾದದ್ದು ಮದರಾಸಿನಲ್ಲಿ. 1920ರಲ್ಲಿ ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದ ಮದರಾಸು ಕಾರ್ಪೊರೇಷನ್ನು ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯಲ್ಲಿ ಮಗುವಿಗೆ ದಿನಕ್ಕೆ ಒಂದಾಣೆ ಮೀರದಂತೆ ತಿಂಡಿ ಕೊಡಲು ಒಪ್ಪಿತು. ಆಗ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಎಲ್ಲವೂ ಮದರಾಸು ಪ್ರಾಂತಕ್ಕೇ ಸೇರಿದ್ದವು, ಆದರೆ ಪಟ್ಟಣದ ಆ ತಿಂಡಿ ಇಲ್ಲಿಯ ಮಕ್ಕಳವರೆಗೆ ಬರಲಿಲ್ಲ. 1956ರಲ್ಲಿ ಮುಖ್ಯಮಂತ್ರಿ ಕಾಮರಾಜರು ಮದರಾಸು ರಾಜ್ಯದ ಶಾಲೆಗಳಿಗೆಲ್ಲ ಮಧ್ಯಾಹ್ನದ ಊಟ ವಿಸ್ತರಿಸಲು ಹೊರಟ ಹೊತ್ತಿಗೆ ದಕ್ಷಿಣ ಕನ್ನಡ, ಕೊಳ್ಳೇಗಾಲಗಳು ಆ ರಾಜ್ಯದಿಂದ ಹೊರಬಂದು ಏಕೀಕೃತ ಮೈಸೂರಿಗೆ ಸೇರುತ್ತಿದ್ದವು.

ಮೈಸೂರು ರಾಜ್ಯದ ಮಕ್ಕಳಿಗೆ ಬಂದದ್ದು ಉಪ್ಪಿಟ್ಟು, ಅದೂ ಅಮೆರಿಕದಿಂದ.

ಈಗ ಐವತ್ತು, ಅರವತ್ತು ದಾಟಿದ ಯಾರನ್ನು ಕೇಳಿದರೂ ಶಾಲೆಯ ಉಪ್ಪಿಟ್ಟಿನ ಮಾತು ಬಂದೇ ಬರುತ್ತದೆ. 1954ರ ಅಮೆರಿಕದ ಪಿಎಲ್ 480 ಕಾನೂನಿನಡಿ ಅಲ್ಲಿ ಮಿಕ್ಕಿದ ಧಾನ್ಯ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ಕೇರ್ ಎಂಬ ಸಂಸ್ಥೆಯ ಮೂಲಕ 1960ರ ದಶಕದಿಂದ ಅದು ಶಾಲೆಗಳನ್ನು ಸೇರಿತು. ಗೋಧಿ ನುಚ್ಚು, ಗೋವಿನ ಜೋಳ ಮತ್ತು ಸೋಯಾ ಬೆರೆಸಿದ ಹಳದಿ ಹಿಟ್ಟು, ಹಾಲಿನ ಪುಡಿ, ತಗಡಿನ ಡಬ್ಬಿಯಲ್ಲಿ ಅಡುಗೆ ಎಣ್ಣೆ. ಡಬ್ಬಿಯ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ಶಾಲೆಯ ಹಿಂದೆ ಮೂರು ಕಲ್ಲು ಹೂಡಿ, ಮಕ್ಕಳೇ ಆರಿಸಿ ತಂದ ಪುಳ್ಳೆಯ ಉರಿಯಲ್ಲಿ ದೊಡ್ಡ ಬಾಣಲೆಯಿಟ್ಟು ಕದಡುತ್ತಿದ್ದರು. ಒಗ್ಗರಣೆಗೆ ಸಾಸಿವೆ ಇದ್ದರೆ ಇತ್ತು, ಇಲ್ಲದಿದ್ದರೆ ಉಪ್ಪು, ಒಣಮೆಣಸಿನಕಾಯಿ ಅಷ್ಟೆ. ಮುತ್ತುಗದ ಎಲೆಯಲ್ಲೋ, ಮನೆಯಿಂದ ತಂದ ತಟ್ಟೆಯಲ್ಲೋ, ಕೆಲವೊಮ್ಮೆ ಪಾಟಿಯ ಮೇಲೆಯೋ ಹಾಕಿಸಿಕೊಂಡು ತಿಂದವರು ಅದರ ವಾಸನೆ ಇನ್ನೂ ಮರೆತಿಲ್ಲ. ಕೆಲವರಿಗೆ ಅದು ಬೇಡವೆನಿಸುತ್ತಿತ್ತು, ಬಹಳ ಮಂದಿಗೆ ದಿನದ ಮೊದಲ ತುತ್ತೇ ಅದಾಗಿತ್ತು. ಮುದ್ದೆ, ರೊಟ್ಟಿ, ಗಂಜಿಯ ಊರುಗಳ ಮಕ್ಕಳು ಎಲ್ಲಿಯೋ ಮಿಕ್ಕ ಕಾಳನ್ನು ತಿನ್ನುತ್ತಿದ್ದರು. ಆ ಮಕ್ಕಳಿಗೆ ಏನು ಹಿಡಿಸುತ್ತದೆ, ಆ ನೆಲದಲ್ಲಿ ಏನು ಬೆಳೆಯುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಕೇಳಿದವರು ಮೈಸೂರಿನಲ್ಲೇ ಇದ್ದರು ಎಂಬುದು ಗಮನಿಸಬೇಕಾದ ಸಂಗತಿ. 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವ, ಸುಣ್ಣದಂಶ ಸೇರಿಸಿ ಬಹೂಪಯೋಗಿ ಆಹಾರವೊಂದನ್ನು ರೂಪಿಸಿದರು. ಹಿಂಡಿಯಾಗಿ ದನದ ಬಾನಿಗೆ ಹೋಗುತ್ತಿದ್ದ ಕಡಲೆಕಾಯಿಯ ಸತ್ವವನ್ನು ಮಕ್ಕಳ ಹೊಟ್ಟೆಗೆ ತರುವ ಯತ್ನವದು. ನಮ್ಮ ಬಯಲುಸೀಮೆಯ ಹೊಲದಲ್ಲೇ ಪ್ರೋಟೀನು ಇದೆ ಎಂದು ತೋರಿಸಿಕೊಟ್ಟ ಆ ದಾರಿಯಲ್ಲಿ ಶಾಲೆಗಳು ದೂರ ನಡೆಯದೇ ಹೋದದ್ದು ದೊಡ್ಡ ನಷ್ಟ.

1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ಪ್ರಾಥಮಿಕ ಶಾಲೆಗಳಿಗಾಗಿ ದೇಶದ ಮಟ್ಟದ ಪೌಷ್ಟಿಕ ಯೋಜನೆ ತಂದಾಗಲೂ ಕರ್ನಾಟಕದ ಮಕ್ಕಳಿಗೆ ಬೇಯಿಸಿದ ಊಟ ಸಿಗಲಿಲ್ಲ. ಹಾಜರಿ ಸರಿಯಿದ್ದ ಮಗುವಿಗೆ ತಿಂಗಳಿಗೆ 3 ಕೆಜಿ ಅಕ್ಕಿ, ಅಷ್ಟೆ. ಅಕ್ಕಿ ಮನೆಗೆ ಹೋಗುತ್ತಿತ್ತು, ಮನೆಮಂದಿಯ ಅನ್ನವಾಗುತ್ತಿತ್ತು. ಮಗುವಿನ ಪಾಲಿಗೆ ಎಷ್ಟು ಬಂತೋ ಬಿಟ್ಟಿತೋ ನೋಡುವವರಿಲ್ಲ. 2001ರಲ್ಲಿ ರಾಜಸ್ಥಾನದ ಬರಗಾಲದ ನಡುವೆ ಗೋದಾಮು ತುಂಬಿದ್ದರೂ ಜನ ಹಸಿದಿದ್ದಾರೆಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಅದೇ ವರ್ಷ ನವೆಂಬರ್ 28ರಂದು ಬಂದ ಮಧ್ಯಂತರ ಆದೇಶ ಸರಕಾರಗಳ ನಿದ್ದೆ ಕೆಡಿಸಿತು: ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೆ ವರ್ಷಕ್ಕೆ ಕನಿಷ್ಠ 200 ದಿನ, 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನು ಇರುವ ಬೇಯಿಸಿದ ಊಟ ಕೊಡಲೇಬೇಕು.

ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಅಕ್ಷರ ದಾಸೋಹ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ರಾಜ್ಯವೆಲ್ಲ ಹಬ್ಬಿತು. ಜನರ ಬಾಯಲ್ಲಿ ಅದು ಬಿಸಿಯೂಟ. ಮೊದಲು ಐದನೇ ಇಯತ್ತೆವರೆಗೆ, ಆಮೇಲೆ ಏಳರವರೆಗೆ, ಕೊನೆಗೆ ಹತ್ತರವರೆಗೆ ನಡೆಯಿತು. ಕಲಬುರಗಿ, ರಾಯಚೂರಿನ ಜೋಳದ ರೊಟ್ಟಿಯ ಮಕ್ಕಳಿಗೂ ಡಿಪೋದಿಂದ ಬಂದದ್ದು ಅಕ್ಕಿಯೇ. ಆದರೂ ಹಿಂದಿನ ಉಪ್ಪಿಟ್ಟಿಗೂ ಇದಕ್ಕೂ ದೊಡ್ಡ ಅಂತರವಿತ್ತು. ಇದು ಹಕ್ಕಿನ ಊಟ.

ಬೆಳಿಗ್ಗೆ ಒಂಬತ್ತಕ್ಕೆ ಯಾವುದೇ ಹಳ್ಳಿಶಾಲೆಯ ಅಡುಗೆಕೋಣೆಗೆ ಹೋದರೆ ಈ ಯೋಜನೆ ಯಾರ ಹೆಗಲ ಮೇಲೆ ನಿಂತಿದೆ ಎಂದು ತಿಳಿಯುತ್ತದೆ. ಮೂವರು ಹೆಂಗಸರು. ಒಬ್ಬರು ಹಾಲಿನ ಪುಡಿಯನ್ನು ಮೊದಲು ಉಗುರುಬೆಚ್ಚನೆಯ ನೀರಿನಲ್ಲಿ ಗಂಟಾಗದಂತೆ ಕಲಸುತ್ತಾರೆ, ಕುದಿವ ನೀರಿಗೆ ನೇರ ಸುರಿದರೆ ಪುಡಿ ಉಂಡೆ ಕಟ್ಟುತ್ತದೆ. ಇನ್ನೊಬ್ಬರು ಅಕ್ಕಿ ಆರಿಸಿ ಹುಳ ತೆಗೆಯುತ್ತಾರೆ. ಮತ್ತೊಬ್ಬರು ತರಕಾರಿ ಹೆಚ್ಚಿ, ಬೇಳೆ ಬೇಯಲು ಇಟ್ಟು, ಇವತ್ತು ಎಷ್ಟು ಮಕ್ಕಳು ಎಂದು ಮೇಷ್ಟರನ್ನು ಕೇಳುತ್ತಾರೆ. ಕೇಂದ್ರ 2009ರಲ್ಲಿ ಗೊತ್ತುಮಾಡಿದ ಇವರ ಗೌರವಧನ ತಿಂಗಳಿಗೆ 1,000 ರೂಪಾಯಿ, ಆ ಅಂಕಿ ಅಲ್ಲೇ ನಿಂತಿತು. ರಾಜ್ಯ ತನ್ನ ಕೈಯಿಂದ ಸೇರಿಸಿದ್ದಷ್ಟೇ ಹೆಚ್ಚು, ಅದಕ್ಕಾಗಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಎಷ್ಟೋ ಸಲ ಧರಣಿ ಕೂತಿದ್ದಾರೆ.

ಅಡುಗೆ ಯಾರು ಮಾಡಬೇಕು ಎಂಬುದರ ಮೇಲೂ ಜಗಳವಾಯಿತು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಿ ಎಂದಿತು. ಕೋಲಾರ, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಿಂದ ದಲಿತ ಮಹಿಳೆ ಅಡುಗೆ ಮಾಡಿದಳೆಂದು ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿಗಳು ಬಂದವು. ಮಗು ಏನು ತಿನ್ನಬೇಕೆಂದು ಹೇಳುವ ಹಕ್ಕು ತಂದೆತಾಯಿಯದು ಎಂಬ ಮಾತನ್ನು ಎಲ್ಲ ಸಂದರ್ಭಕ್ಕೂ ಒಪ್ಪುವವರು ಈ ಸುದ್ದಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ಇಲ್ಲಿ ಶಾಲೆ ಮನೆಯ ಮಾತು ಕೇಳಬಾರದು, ಕೇಳಿದರೆ ಶಾಲೆಯೇ ಕೆಟ್ಟಂತೆ.

ಪಟ್ಟಣಗಳಲ್ಲಿ ಇನ್ನೊಂದು ವ್ಯವಸ್ಥೆ ಬೆಳೆದಿತ್ತು. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾದ ಅಕ್ಷಯ ಪಾತ್ರೆ, ದೊಡ್ಡ ಯಂತ್ರದ ಅಡುಗೆಮನೆಗಳಿಂದ ಲಕ್ಷಾಂತರ ಮಕ್ಕಳಿಗೆ ಊಟ ಕಳಿಸುವ ಸಂಸ್ಥೆಯಾಯಿತು. ಶುಚಿ, ಶಿಸ್ತು, ಹೊತ್ತಿಗೆ ಸರಿಯಾಗಿ ತಲಪಿಸುವ ಕ್ರಮ ಎಲ್ಲವೂ ಮೆಚ್ಚುವಂಥದ್ದೇ. ಆದರೆ ಅದನ್ನು ನಡೆಸುವವರ ಪಂಥದ ನಿಯಮದಂತೆ ಅದರ ಸಾರಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ಪೌಷ್ಟಿಕಾಂಶದ ಅಳತೆ ಸರಿಯಾಗಿದೆ ಎಂದು ಸಂಸ್ಥೆ ವಾದಿಸಿತು. ರುಚಿಯಿಲ್ಲದ್ದನ್ನು ಮಕ್ಕಳು ತಟ್ಟೆಯಲ್ಲೇ ಬಿಡುತ್ತಾರೆ ಎಂದು ಆಹಾರ ಹಕ್ಕಿನ ಹೋರಾಟಗಾರರು 2019ರ ಸುಮಾರಿಗೆ ಪ್ರಶ್ನೆ ಎತ್ತಿದರು. ಸರಕಾರದ ಅಕ್ಕಿ, ಸರಕಾರದ ಹಣದ ಊಟಕ್ಕೆ ಒಂದು ಪಂಥದ ನಿಯಮ ಅನ್ವಯಿಸುವುದು ಸರಿಯಲ್ಲ. ಅಡುಗೆ ಎಷ್ಟೇ ಶುಚಿಯಾಗಿದ್ದರೂ ಈ ಆಕ್ಷೇಪ ಉಳಿಯುತ್ತದೆ.

ಹಾಲಿನ ಕಥೆಯಲ್ಲಿ ಗಲಾಟೆಯಿಲ್ಲ. ಹಾಲು ಒಕ್ಕೂಟಗಳಲ್ಲಿ ಹಾಲು ಮಿಗುತ್ತಿತ್ತು, ಮಕ್ಕಳಿಗೆ ಬೇಕಿತ್ತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಗಿ ವಾರಕ್ಕೆ ಮೂರು ದಿನ 150 ಮಿಲಿ ಹಾಲು ಸಿಕ್ಕಿತು, 2017ರಲ್ಲಿ ಅದು ಐದು ದಿನವಾಯಿತು. 2024ರಲ್ಲಿ ಅದಕ್ಕೆ ರಾಗಿ ಮಾಲ್ಟೂ ಸೇರಿತು. ರಾಗಿಯ ನಾಡಿನ ಶಾಲೆಗೆ ರಾಗಿ ಬರಲು ಇಷ್ಟು ವರ್ಷ ಬೇಕಾಯಿತು.

ಮೊಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ಇಡೀ ರಾಜ್ಯ ಎದ್ದು ಕೂತಿತು. 2007ರಲ್ಲಿ ಮೊಟ್ಟೆ ಕೊಡುವ ಪ್ರಸ್ತಾಪ ಬಂದು ಧಾರ್ಮಿಕ ಮುಖಂಡರ ವಿರೋಧಕ್ಕೆ ಬಿದ್ದುಹೋಯಿತು. ತಮಿಳುನಾಡು, ಆಂಧ್ರದ ಮಕ್ಕಳು ತಿನ್ನುತ್ತಿದ್ದ ಮೊಟ್ಟೆ ಗಡಿಯ ಈಚೆಯ ಮಕ್ಕಳಿಗೆ ಸಿಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದಲ್ಲಿ ಪ್ರಯೋಗವಾಗಿ ಶುರುವಾಯಿತು. ತಿನ್ನದವರಿಗೆ ಬಾಳೆಹಣ್ಣು. ಲಿಂಗಾಯತ ಮತ್ತು ಜೈನ ಮಠಾಧೀಶರು ಕೆಲವರು ಪ್ರತಿಭಟಿಸಿದರು. ಒಂದೇ ಸಾಲಿನಲ್ಲಿ ಕೂತ ಮಕ್ಕಳಲ್ಲಿ ಭೇದ ಹುಟ್ಟುತ್ತದೆ ಎಂಬುದು ಅವರ ವಾದ. ಆಗ ಗಂಗಾವತಿಯ ಶಾಲಾಬಾಲಕಿಯೊಬ್ಬಳು, ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಹೇಳಿದ ವಿಡಿಯೊ ನಾಡೆಲ್ಲ ಹರಿದಾಡಿತು. ಇಷ್ಟು ವರ್ಷಗಳ ಚರ್ಚೆಯಲ್ಲಿ ಉಣ್ಣುವ ಮಗುವಿನ ಮಾತು ಅಷ್ಟು ದೂರ ಕೇಳಿಸಿದ್ದು ಅದೇ ಮೊದಲು.

ವಿರೋಧದವರು ಹೇಳಿದ್ದರಲ್ಲಿ ಒಂದನ್ನು ಗೌರವಿಸಲೇಬೇಕು: ತಿನ್ನದ ಮಗುವಿನ ತಟ್ಟೆಗೆ ಮೊಟ್ಟೆ ಬರಬಾರದು. ಅದಕ್ಕೆ ಬಾಳೆಹಣ್ಣು, ಚಿಕ್ಕಿ ಇತ್ತು. ಆದರೆ ಪಕ್ಕದ ಮಗುವೂ ತಿನ್ನಬಾರದು ಎನ್ನುವುದು ಬೇರೆ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇಕಡಾ 35.4 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಶೇಕಡಾ 65.5 ಮಕ್ಕಳಿಗೆ ರಕ್ತಹೀನತೆ. ಇವರೇ ಮುಂದೆ ಒಂದನೇ ತರಗತಿಗೆ ಬರುವವರು. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಅಧ್ಯಯನ, ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳು ಸಿಗದ ಗದಗಿನ ಮಕ್ಕಳಿಗಿಂತ ಹೆಚ್ಚು ತೂಕ ಪಡೆದದ್ದನ್ನು ತೋರಿಸಿತು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ಸಿದ್ಧವಾದ ಒಂದು ವರದಿ, ಮೊಟ್ಟೆ ಮಾಂಸದಿಂದ ಜೀವನಶೈಲಿಯ ಕಾಯಿಲೆ ಬರುತ್ತದೆಂದು ಬರೆದು ವೈದ್ಯರ ಟೀಕೆಗೆ ಗುರಿಯಾಯಿತು. ಹೊಟ್ಟೆ ತುಂಬದ ಮಕ್ಕಳಿಗೆ ಕೊಬ್ಬಿನ ಭಯ ಹುಟ್ಟಿಸಿದ ಆ ವರದಿಯನ್ನು ಸಮರ್ಥಿಸಲು ಸಾಧ್ಯವಿಲ್ಲ. ಮೊಟ್ಟೆಯ ಯೋಜನೆ ರಾಜ್ಯವೆಲ್ಲ ಹಬ್ಬಿತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು.

ಇನ್ನು ಗೇಟಿನ ಹೊರಗಿನ ಮಾತು. ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು, ನೆಲ್ಲಿಕಾಯಿ, ಕಡಲೆಮಿಠಾಯಿ ಇಟ್ಟುಕೊಂಡು ಕೂರುತ್ತಿದ್ದ ಅಜ್ಜಿಯ ಜಾಗದಲ್ಲಿ ಈಗ ಐದು ರೂಪಾಯಿಯ ಚಿಪ್ಸ್ ಸರ ತೂಗುವ ಅಂಗಡಿ ಬಂದಿದೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸನ್ನು ಶಾಲೆಯೊಳಗೂ ಅದರ ಸುತ್ತ 50 ಮೀಟರಿನೊಳಗೂ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ನಿಯಮ ಮಾಡಿತು. ಜಾರಿ ಮಾಡಿದ ಊರು ಕಡಿಮೆ. ಇತ್ತ ಡಬ್ಬಿಯಲ್ಲಿ ಮಾಂಸ ಮೊಟ್ಟೆ ತರಬೇಡಿ ಎಂದು ತಾಕೀತು ಮಾಡುವ ಖಾಸಗಿ ಶಾಲೆಗಳಿವೆ, ಅವುಗಳ ಕ್ಯಾಂಟೀನಿನಲ್ಲೇ ಬಣ್ಣದ ಸಕ್ಕರೆ ನೀರು ಮಾರುವುದೂ ಇದೆ. ಶಾಲೆಗೆ ಅಧಿಕಾರ ಬೇಕಾಗಿರುವುದು ಆ ಬಾಟಲಿಯ ಮೇಲೆ. ಅಮ್ಮ ಕಟ್ಟಿಕೊಟ್ಟ ಡಬ್ಬಿಯನ್ನು ಮೂಸಿ ನೋಡುವ ಅಧಿಕಾರವನ್ನು ಯಾವ ಶಾಲೆಗೂ ಯಾರೂ ಕೊಟ್ಟಿಲ್ಲ.

ಶಾಲೆ ಬಡಿಸುವ ಊಟದ ಮೇಲೆ ಮಾತ್ರ ಮನೆಯವರು ಕಣ್ಣಿಡಲೇಬೇಕು. ವಿಷ ಬೆರೆತ ಊಟ ಉಂಡು 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಶಾಲೆಯಲ್ಲಿ 23 ಮಕ್ಕಳು ಸತ್ತರು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಎಲ್ಲ ಶಾಲೆಗಳಿಗೂ ಇದೆ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ತಂದೆತಾಯಂದಿರೇ ಸದಸ್ಯರಾದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅಡುಗೆಕೋಣೆಗೆ ಹೋಗಿ ನೋಡುವ ಹಕ್ಕು ಅದಕ್ಕಿದೆ. ನಿಮ್ಮ ಮಗು, ಇಲ್ಲವೇ ನಿಮ್ಮೂರಿನ ಯಾರದೋ ಮಗು ಆ ಶಾಲೆಯಲ್ಲಿ ಓದುತ್ತಿದ್ದರೆ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ, ಮಕ್ಕಳ ಸಾಲಿನಲ್ಲೇ ಕೂತು ಉಂಡು ಬನ್ನಿ. ಉಪ್ಪು ಕಡಿಮೆಯಿದ್ದರೆ ಹೇಳಿ, ಬೇಳೆ ತೆಳ್ಳಗಿದ್ದರೆ ಕೇಳಿ, ಚೆನ್ನಾಗಿದ್ದರೆ ಅಡುಗೆಯ ತಾಯಂದಿರಿಗೆ ಅದನ್ನೂ ಹೇಳಿ ಬನ್ನಿ.