ಕಮಲಾ ದಾಸ್: ಮನೆಯೊಳಗಿನ ಮೌನ ಮುರಿದ ಕವಯಿತ್ರಿ

ಮಲಯಾಳಂ ಓದುಗರಿಗೆ ಮಾಧವಿಕುಟ್ಟಿ, ಇಂಗ್ಲಿಷ್ ಕಾವ್ಯಾಸಕ್ತರಿಗೆ ಕಮಲಾ ದಾಸ್, ಬದುಕಿನ ಕೊನೆಯ ದಶಕದಲ್ಲಿ ಕಮಲಾ ಸುರಯ್ಯ. ಹೀಗೆ ಮೂರು ಹೆಸರುಗಳಲ್ಲಿ ಬಾಳಿದ ಈ ಲೇಖಕಿ, ಹೆಣ್ಣಿನ ದೇಹ, ದಾಂಪತ್ಯ ಹಾಗೂ ಒಂಟಿತನಗಳನ್ನು ಮುಚ್ಚುಮರೆಯಿಲ್ಲದೆ ಬರೆದ ಭಾರತೀಯ ಕವಿಗಳಲ್ಲಿ ಅಗ್ರಗಣ್ಯರು.

1934ರ ಮಾರ್ಚ್ 31ರಂದು ಕೇರಳದ ಪುನ್ನಯೂರ್‌ಕುಳಂನಲ್ಲಿ ಜನನ. ತಾಯಿ ಹೆಸರಾಂತ ಕವಯಿತ್ರಿ ಬಾಲಾಮಣಿ ಅಮ್ಮ, ತಂದೆ ವಿ.ಎಂ. ನಾಯರ್ 'ಮಾತೃಭೂಮಿ' ಪತ್ರಿಕೆಯ ಹೊಣೆ ಹೊತ್ತಿದ್ದವರು. ಬಾಲ್ಯ ಕಲ್ಕತ್ತಾ ಹಾಗೂ ನಾಲಪ್ಪಾಟ್ ತರವಾಡು ಮನೆಯ ನಡುವೆ ಹಂಚಿಹೋಯಿತು. 15ನೇ ವಯಸ್ಸಿನಲ್ಲೇ ರಿಸರ್ವ್ ಬ್ಯಾಂಕ್ ಅಧಿಕಾರಿ ಮಾಧವ ದಾಸ್ ಅವರೊಂದಿಗೆ ವಿವಾಹವಾಯಿತು. ಮೂವರು ಗಂಡುಮಕ್ಕಳ ತಾಯಿಯಾದ ಅವರಿಗೆ ಬರವಣಿಗೆಗೆ ದೊರೆತದ್ದು ರಾತ್ರಿಯ ಹೊತ್ತು ಮತ್ತು ಅಡುಗೆಮನೆಯ ಮೇಜು ಮಾತ್ರ.

1965ರಲ್ಲಿ ಮೊದಲ ಇಂಗ್ಲಿಷ್ ಕವನ ಸಂಕಲನ 'ಸಮ್ಮರ್ ಇನ್ ಕಲ್ಕತ್ತಾ' ಪ್ರಕಟವಾಯಿತು. ಯಾವ ಭಾಷೆಯಲ್ಲಿ ಬರೆಯಬೇಕು, ಏನನ್ನು ಉಡಬೇಕು, ಯಾರಾಗಿರಬೇಕು ಎಂದು ಹೆಣ್ಣಿಗೆ ಅಪ್ಪಣೆ ಕೊಡುವ ಸಮಾಜವನ್ನು ಅವರ ಕವಿತೆ ಪ್ರಶ್ನಿಸಿತು. 1972ರಲ್ಲಿ 'ಮಲಯಾಳನಾಡು' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಆತ್ಮಕಥನ 'ಎಂಡೆ ಕಥ' ಕೇರಳದಲ್ಲಿ ಬಿರುಗಾಳಿ ಎಬ್ಬಿಸಿತು. ಬಂಧುಗಳ ಒತ್ತಡವಿದ್ದರೂ ಅವರು ಪ್ರಕಟಣೆ ನಿಲ್ಲಿಸಲಿಲ್ಲ. ಅದರಲ್ಲಿ ಕಲ್ಪನೆಯೂ ಬೆರೆತಿದೆಯೆಂದು ಅನಂತರ ಒಪ್ಪಿಕೊಂಡರು.

ವಿಮರ್ಶಕರು ಸ್ತ್ರೀವಾದಿ ಎಂದು ಕರೆದರೂ ಆ ಹಣೆಪಟ್ಟಿಯನ್ನು ಅವರು ಸುಲಭವಾಗಿ ಒಪ್ಪಲಿಲ್ಲ. ಪುರುಷನನ್ನು ದೂರವಿಡುವುದು ಅವರ ನಿಲುವಾಗಿರಲಿಲ್ಲ. ಪ್ರೀತಿಯಿಲ್ಲದ ದಾಂಪತ್ಯದಲ್ಲಿ ಹೆಣ್ಣು ತನ್ನತನ ಕಳೆದುಕೊಳ್ಳುವುದೇ ಅವರನ್ನು ಕಾಡಿದ ಸಂಗತಿ. ಪ್ರೀತಿಗಾಗಿ ಹಂಬಲ ಮತ್ತು ಸ್ವಾತಂತ್ರ್ಯದ ಹಟ, ಇವೆರಡರ ಜಗ್ಗಾಟವೇ ಅವರ ಕಾವ್ಯದ ಜೀವಾಳ.

1984ರಲ್ಲಿ ತಿರುವನಂತಪುರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. 1985ರಲ್ಲಿ ಇಂಗ್ಲಿಷ್ ಕವಿತೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1997ರಲ್ಲಿ 'ನೀರ್ಮಾದಳಂ ಪೂತ್ತ ಕಾಲಂ' ಕೃತಿಗೆ ವಯಲಾರ್ ಪ್ರಶಸ್ತಿ ಸಂದವು. 1999ರಲ್ಲಿ ಇಸ್ಲಾಂ ಸ್ವೀಕರಿಸಿದಾಗ ಮತ್ತೊಮ್ಮೆ ವಿವಾದ ಸುತ್ತಿಕೊಂಡಿತು.

2009ರ ಮೇ 31ರಂದು ಪುಣೆಯಲ್ಲಿ ನಿಧನರಾದಾಗ ಅವರಿಗೆ 75 ವರ್ಷ. ತಿರುವನಂತಪುರದ ಪಾಳಯಂ ಜುಮಾ ಮಸೀದಿಯ ಆವರಣದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅವರ ಮದುವೆ, ಮತ, ಉಡುಪುಗಳ ಕುರಿತು ನಡೆದಷ್ಟು ಚರ್ಚೆ ಅವರ ಕವಿತೆಗಳ ಕುರಿತು ನಡೆಯಲಿಲ್ಲ. ಹೆಣ್ಣು ಬರೆದದ್ದನ್ನು ಬಿಟ್ಟು ಅವಳು ಬದುಕಿದ್ದನ್ನೇ ವಿಚಾರಣೆಗೆ ಒಳಪಡಿಸುವ ಈ ರೂಢಿಯನ್ನೇ ಅವರು ಬಾಳಿನುದ್ದಕ್ಕೂ ಎದುರಿಸಿದ್ದು.