ಮೂರರಲ್ಲಿ ಎರಡು ಒಪ್ಪಿದರೆ ಸಾಕು

'ತಾಂತ್ರಿಕ ದೋಷ, ವಿದ್ಯುತ್ ಘಟಕ ಸ್ಥಗಿತ' ಎಂಬ ಸುದ್ದಿಯನ್ನು ನಾವು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಘಟಕ 'ಟ್ರಿಪ್' ಆಯಿತು ಎಂದರೆ ಕೆಟ್ಟಿತು ಎಂದೇ ಬರೆದುಬಿಡುತ್ತೇವೆ. ಎಷ್ಟೋ ಸಲ ಅದು ಕೆಡದಿರಲಿ ಎಂದೇ ರಿಲೇ ಅದನ್ನು ನಿಲ್ಲಿಸಿರುತ್ತದೆ. ಟರ್ಬೈನಿನ ವೇಗವೋ ಕಂಪನವೋ ಮಿತಿ ಮೀರಿದರೆ, ಯಂತ್ರ ನಿಲ್ಲಿಸುವ ಆಜ್ಞೆ ದಾಟಿಸುವ ಸ್ವಿಚ್ ಅದು.

ಆ ರಿಲೇಯೇ ಕೆಟ್ಟರೆ? ಕೆಡುವುದರಲ್ಲೂ ಎರಡು ಬಗೆ. ನಿಲ್ಲಿಸಬೇಕಾದಾಗ ಸುಮ್ಮನಿರಬಹುದು, ಇಲ್ಲವೇ ಏನೂ ಆಗದಿದ್ದರೂ ನಿಲ್ಲಿಸಿಬಿಡಬಹುದು. ಎರಡು ರಿಲೇ ಇಟ್ಟು, ಯಾವುದೊಂದು ಹೇಳಿದರೂ ಸಾಕು ಎಂದರೆ ಸುಳ್ಳು ಟ್ರಿಪ್ ಹೆಚ್ಚುತ್ತದೆ. ಎರಡೂ ಹೇಳಲೇಬೇಕು ಎಂದರೆ, ಒಂದು ಮೂಕವಾದರೂ ಯಂತ್ರಕ್ಕೆ ರಕ್ಷಣೆಯಿಲ್ಲ. ಮೂರು ಇಟ್ಟು, ಎರಡು ಒಪ್ಪಿದಂತೆ ನಡೆದುಕೊಂಡರೆ ಎರಡೂ ತೊಂದರೆ ತಪ್ಪುತ್ತದೆ. ನಮ್ಮ ಉತ್ತರ ಕನ್ನಡದ ಕೈಗಾ ಅಣು ರಿಯಾಕ್ಟರುಗಳನ್ನು ನಿಲ್ಲಿಸುವ ವ್ಯವಸ್ಥೆ ಇದೇ ಲೆಕ್ಕದ್ದು.

ಈ ಬಹುಮತದ ಲೆಕ್ಕವನ್ನು ಮೊದಮೊದಲು ದೊಡ್ಡದಾಗಿ ಮಾಡಿ ತೋರಿಸಿದ್ದು ಟರ್ಬೈನಿನಲ್ಲಲ್ಲ, ಒಂದು ಕಂಪ್ಯೂಟರಿನಲ್ಲಿ. ಪ್ರಾಗ್ ನಗರದ ಅಂತೋನಿನ್ ಸ್ವೊಬೊದಾ ಯುದ್ಧದ ವರ್ಷಗಳನ್ನು ಅಮೆರಿಕದಲ್ಲಿ ಕಳೆದು, 1946ರಲ್ಲಿ ಊರಿಗೆ ಮರಳಿದವರು. 1950ರ ದಶಕದ ಚೆಕೊಸ್ಲೊವಾಕಿಯಾದಲ್ಲಿ ಒಳ್ಳೆಯ ಬಿಡಿಭಾಗ ಕೈಗೆ ಸಿಗುವುದೇ ಕಷ್ಟ. ಇದ್ದುದರಲ್ಲಿ ರಿಲೇ ಸಿಗುತ್ತಿತ್ತು, ಆದರೆ ನಂಬುವಂತಿರಲಿಲ್ಲ. ಹಾಗಾಗಿ ಅವರು ಲೆಕ್ಕ ಮಾಡುವ ಭಾಗವನ್ನೇ ಮೂರು ಮಾಡಿದರು. ಮೂರೂ ಅದೇ ಲೆಕ್ಕ ಮಾಡುತ್ತವೆ, ಎರಡು ಒಪ್ಪಿದ ಉತ್ತರ ನಿಲ್ಲುತ್ತದೆ. ಮೂರೂ ಬೇರೆಬೇರೆ ಹೇಳಿದರೆ ಲೆಕ್ಕ ಮತ್ತೆ ಮೊದಲಿಂದ. ಸುಮಾರು 7,000 ರಿಲೇ, 400 ವ್ಯಾಕ್ಯೂಮ್ ಟ್ಯೂಬುಗಳ ಆ ಯಂತ್ರದ ಹೆಸರು ಸಾಪೊ. 1957ರಲ್ಲಿ ಕೆಲಸ ಶುರುಮಾಡಿತು.

ಬಡತನ ಕಲಿಸಿದ ಬುದ್ಧಿ ಇದು ಎಂದು ನಮಗನಿಸುತ್ತದೆ. ಒಳ್ಳೆಯ ರಿಲೇ ಧಾರಾಳವಾಗಿ ಸಿಕ್ಕಿದ್ದರೆ ಮೂರು ಮೂರು ಯಾರು ಕಟ್ಟುತ್ತಿದ್ದರು?

ಸಾಪೊ ಬಾಳಿದ್ದು ಮೂರೇ ವರ್ಷ. ರಿಲೇಗಳಿಗೆ ಹಚ್ಚುತ್ತಿದ್ದ ಎಣ್ಣೆ ತೊಟ್ಟಿಕ್ಕಿ ಕೆಳಗೆ ಸೇರುತ್ತಿತ್ತು. 1960ರಲ್ಲಿ ಒಂದು ರಿಲೇಯ ಕಿಡಿ ಆ ಎಣ್ಣೆಗೆ ತಾಗಿ ಯಂತ್ರ ಸುಟ್ಟುಹೋಯಿತು. ಒಂದು ರಿಲೇ ತಪ್ಪು ಉತ್ತರ ಕೊಟ್ಟಿದ್ದರೆ ಉಳಿದೆರಡು ತಿದ್ದುತ್ತಿದ್ದವು. ಬೆಂಕಿ ಮಾತ್ರ ಮೂವರಿಗೂ ಒಂದೇ ಆಗಿತ್ತು.

ಈಗ ಎಂಜಿನಿಯರುಗಳು ಮೊದಲು ಹುಡುಕುವುದು ಇಂಥ ಎಣ್ಣೆಯನ್ನೇ. ಮೂರು ರಿಲೇಗಳಿಗೂ ಒಂದೇ ಬ್ಯಾಟರಿಯಿಂದ ವಿದ್ಯುತ್ ಬರುತ್ತಿದ್ದರೆ, ಮೂರರ ತಂತಿಯೂ ಒಂದೇ ಕೇಬಲ್ ಟ್ರೇಯಲ್ಲಿ ಮಲಗಿದ್ದರೆ, ಕಾಗದದ ಮೇಲೆ ಮೂರು, ನಿಜದಲ್ಲಿ ಒಂದೇ. ಅದಕ್ಕೇ ಜಾಗರೂಕತೆಯಿಂದ ಕಟ್ಟಿದ ಕಡೆ ವಿದ್ಯುತ್ ಮೂಲ ಬೇರೆ, ತಂತಿಯ ದಾರಿ ಬೇರೆ. ಯಂತ್ರ ನಿಲ್ಲಿಸದೆಯೇ ಒಂದೊಂದನ್ನಾಗಿ ಪರೀಕ್ಷಿಸಲೂ ಬರುತ್ತದೆ. ಒಂದನ್ನು ಬಿಚ್ಚಿದಾಗಲೂ ಕಾಯಲು ಎರಡಿರುತ್ತವೆ.

ಸ್ವೊಬೊದಾ 1964ರಲ್ಲಿ ಮತ್ತೆ ಅಮೆರಿಕಕ್ಕೆ ಹೊರಟುಹೋದರು.