‘ನೀ ಹೀಂಗ ನೋಡಬ್ಯಾಡ ನನ್ನ’: ಹಾಡಿನ ಹಿಂದಿನ ಶೋಕ

ಕೆಲವು ವರ್ಷಗಳ ಹಿಂದೆ, ಇಂಗ್ಲೆಂಡಿನಲ್ಲಿ ಕನ್ನಡಿಗರ ಕೂಟವೊಂದರಲ್ಲಿ, ವಿವಾಹದ ಇಪ್ಪತ್ತೈದನೆಯ ವರ್ಷ ಆಚರಿಸುತ್ತಿದ್ದ ದಂಪತಿಗಳಿಗಾಗಿ ಗೆಳೆಯರು ಈ ಗೀತೆಯನ್ನು ಹಾಡಿದರು. ಪಲ್ಲವಿ ಕೇಳಿ ಸಭೆ ನಕ್ಕಿತು. ಪ್ರಣಯದ ಹುಸಿಮುನಿಸೆಂದು ಎಲ್ಲರೂ ಭಾವಿಸಿದ್ದರು. ಅವರನ್ನು ದೂಷಿಸಲಾರೆ, ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೆಯೇ ತಿಳಿದಿದ್ದೆ.

ಇದು ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮದ ದ.ರಾ. ಬೇಂದ್ರೆಯವರ (1896–1981) ಕವಿತೆ. ‘ನಾಕು ತಂತಿ’ಗಾಗಿ 1973ರ ಜ್ಞಾನಪೀಠ ಪ್ರಶಸ್ತಿ ಪಡೆದ ಈ ಕವಿಯ ಸಂಸಾರದಲ್ಲಿ ಸಾವು ಪದೇ ಪದೇ ಹೊಸ್ತಿಲು ದಾಟಿ ಬಂದಿತ್ತು. ಅವರ ಹಲವು ಮಕ್ಕಳು ಎಳವೆಯಲ್ಲಿಯೇ ತೀರಿಕೊಂಡರು. ‘ನರಬಲಿ’ ಕವಿತೆಗಾಗಿ 1932ರಲ್ಲಿ ಬ್ರಿಟಿಷ್ ಸರ್ಕಾರ ವಿಧಿಸಿದ ಸೆರೆವಾಸ, ಅನಂತರದ ನಿರುದ್ಯೋಗ ಇವುಗಳೂ ಮನೆಯನ್ನು ಕಾಡಿದವು. ಪತ್ನಿ ಲಕ್ಷ್ಮೀಬಾಯಿಯವರೊಂದಿಗಿನ ಬಾಳಿನ ಸುಖದುಃಖಗಳನ್ನು ಅವರು ‘ಸಖೀಗೀತ’ದಲ್ಲಿಯೂ ಹಾಡಿದ್ದಾರೆ.

ಪ್ರಸ್ತುತ ಗೀತೆ ಮಗುವನ್ನು ಕಳೆದುಕೊಂಡ ಗಳಿಗೆಯದು. ತಾಯಿ ಮಾತಿಲ್ಲದೆ ಗಂಡನ ಮುಖವನ್ನೇ ನೋಡುತ್ತಿದ್ದಾಳೆ. ಆ ನೋಟದ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ; ಆದ್ದರಿಂದಲೇ ನೋಡಬೇಡವೆಂಬ ಮೊರೆ. ಹುಣ್ಣಿಮೆಯ ಚಂದ್ರನೇ ಹೆಣವಾಗಿ ಹಗಲಿನ ಬಾನಿನಲ್ಲಿ ತೇಲುವಂತೆ ಅವಳ ಮೋರೆ ಅವನಿಗೆ ಕಾಣುತ್ತದೆ. ಬಿಕ್ಕನ್ನು ತಡೆಹಿಡಿಯದೆ ಅತ್ತುಬಿಡು ಎಂದು ಅವನು ಬೇಡುತ್ತಾನೆ. ಇವೆಲ್ಲ ಧಾರವಾಡದ ಮನೆಮಾತಿನಲ್ಲಿಯೇ ಬರುತ್ತವೆ. ಗ್ರಾಂಥಿಕ ಭಾಷೆಯಲ್ಲಿ ಈ ಸಂಕಟ ಇಷ್ಟು ಹತ್ತಿರ ಬರುತ್ತಿರಲಿಲ್ಲ.

ಅಂದಿನ ವೈದ್ಯರ ಚೀಲದಲ್ಲಿ ಏನಿತ್ತೆಂದು ನಾನು ಆಗಾಗ ಯೋಚಿಸುತ್ತೇನೆ. ಪೆನಿಸಿಲಿನ್ 1928ರಲ್ಲಿ ಪತ್ತೆಯಾದರೂ ರೋಗಿಗಳಿಗೆ ವ್ಯಾಪಕವಾಗಿ ದೊರೆತದ್ದು 1940ರ ದಶಕದಲ್ಲಿ. ಭೇದಿಯಿಂದ ಬಳಲುವ ಶಿಶುವನ್ನು ಉಳಿಸುವ ಉಪ್ಪು-ಸಕ್ಕರೆಯ ದ್ರಾವಣದ ಬಲ ಲೋಕಕ್ಕೆ ಮನವರಿಕೆಯಾದದ್ದು 1971ರಲ್ಲಿ, ಬಾಂಗ್ಲಾ ನಿರಾಶ್ರಿತರ ಶಿಬಿರಗಳಲ್ಲಿ. ಇಂದು ಸುಲಭವಾಗಿ ಗುಣವಾಗುವ ಎಷ್ಟೋ ಬೇನೆಗಳು ಅಂದು ತೊಟ್ಟಿಲುಗಳನ್ನು ಬರಿದುಮಾಡುತ್ತಿದ್ದವು.

ಆದರೆ ಔಷಧಗಳು ಬಂದ ಮೇಲೂ ಆ ನೋಟ ಉಳಿದಿದೆ. ತರಬೇತಿಯ ಕಾಲದಲ್ಲಿ ಒಂದು ರಾತ್ರಿ, ಕೂಸು ಉಳಿಯಲಿಲ್ಲವೆಂದು ತಂದೆತಾಯಿಗಳಿಗೆ ನಾನು ತಿಳಿಸಬೇಕಾಯಿತು. ತಾಯಿ ಅಳಲಿಲ್ಲ, ಗಂಡನನ್ನು ನೋಡಿದಳು. ಅವನು ನೆಲ ನೋಡಿದ. ಅವರಿಗೆ ಕನ್ನಡ ಬಾರದು. ಆದರೂ ನನಗೆ ಬೇಂದ್ರೆಯವರ ಹಾಡು ಅರ್ಥವಾದದ್ದು ಅಂದೇ.

ಆ ಕೂಟದ ಬಳಿಕ ಗಾಯಕರಿಗೆ ಹಿನ್ನೆಲೆಯನ್ನು ತಿಳಿಸಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಇನ್ನು ಹಾಡಬಾರದೇ ಡಾಕ್ಟರೇ?” ಎಂದು ಕೇಳಿದರು. ಖಂಡಿತ ಹಾಡಬೇಕು, ಹಾಡುವ ಮೊದಲು ಎರಡು ಮಾತು ಹೇಳಿ, ಎಂದೆ. ಮುಂದಿನ ಯುಗಾದಿಗೆ ಅವರು ಹಾಗೆಯೇ ಮಾಡಿದರು. ಅಂದು ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಪತ್ನಿಯ ಕೈ ಹಿಡಿದು ಕುಳಿತಿದ್ದರು.